ಫುಟ್‌ಬಾಲ್ ಕ್ಲಬ್‌ಗೆ ಫುಟ್ಸಾಲ್ ಯಾಕೆ ಬೇಕು?

ನಮಸ್ಕಾರ. ವೀಕ್ಷಕರೊಬ್ಬರ ಪ್ರಶ್ನೆ ಇದು: ಒಂದೇ ಕ್ಲಬ್ ಫುಟ್‌ಬಾಲ್ ತಂಡವನ್ನೂ ನಡೆಸುತ್ತದೆ, ಫುಟ್ಸಾಲ್ ತಂಡವನ್ನೂ ನಡೆಸುತ್ತದೆ. ಎರಡು ದೋಣಿಯ ಮೇಲೆ ಕಾಲು ಯಾಕೆ? ಉತ್ತರಕ್ಕೆ ನಾನು ಆರಿಸಿಕೊಂಡಿದ್ದು ಗಿಬ್ರಾಲ್ಟರ್‌ನ ಲಿಂಕ್ಸ್ ಎಫ್‌ಸಿ. 2007ರಲ್ಲಿ ಶುರುವಾದ ಪುಟ್ಟ ಕ್ಲಬ್.

ಫುಟ್ಸಾಲ್ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಗೋಲ್‌ಕೀಪರ್ ಸೇರಿ ಒಂದು ಕಡೆ 5 ಜನ. ಗಟ್ಟಿ ನೆಲ, ಚಿಕ್ಕ ಚೆಂಡು. ಆ ಚೆಂಡು ಜಾಸ್ತಿ ಪುಟಿಯುವ ಹಾಗಿಲ್ಲ. 2 ಮೀಟರ್ ಎತ್ತರದಿಂದ ಬಿಟ್ಟರೆ 65 ಸೆಂಟಿಮೀಟರ್ ದಾಟಬಾರದು. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೋದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಅನ್ನುವ ಮೇಷ್ಟ್ರು ಇದನ್ನು ರೂಪಿಸಿದರು. ಇಷ್ಟು ಸಾಕು.

[ಸ್ಕ್ರೀನ್ ಮೇಲೆ: ಗಿಬ್ರಾಲ್ಟರ್ ಮ್ಯಾಪ್]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಗಿಬ್ರಾಲ್ಟರ್ ಅಂದರೆ ಸ್ಪೇನ್‌ನ ತುದಿಗೆ ಅಂಟಿಕೊಂಡಿರುವ ಬ್ರಿಟಿಷ್ ಪ್ರದೇಶ. ವಿಸ್ತೀರ್ಣ ಬರೀ 6.8 ಚದರ ಕಿ.ಮೀ. ಬೆಂಗಳೂರಿನ ಲಾಲ್‌ಬಾಗ್ ಇದೆಯಲ್ಲ, ಅಂಥ ಏಳು ಜೋಡಿಸಿದರೆ ಇಡೀ ಊರು ಮುಗೀತು! ಅದರಲ್ಲೂ 426 ಮೀಟರ್ ಎತ್ತರದ ಬಂಡೆಬೆಟ್ಟ ಒಂದು ಕೂತಿದೆ. ಉಳಿದ ಸಮತಟ್ಟು ಜಾಗದಲ್ಲಿ ವಿಮಾನ ನಿಲ್ದಾಣ. ಊರಿನ ರಸ್ತೆ ರನ್‌ವೇಯನ್ನೇ ದಾಟಿ ಹೋಗುತ್ತಿತ್ತು. ವಿಮಾನ ಬಂತು ಅಂದರೆ ಗೇಟ್ ಬೀಳುತ್ತಿತ್ತು, ಕಾರುಗಳು ಕಾಯುತ್ತಿದ್ದವು. ವಾಹನಗಳಿಗೆ ಸುರಂಗ ಸಿಕ್ಕಿದ್ದು 2023ರಲ್ಲಿ.

ಆ ರನ್‌ವೇ ಪಕ್ಕದಲ್ಲೇ ವಿಕ್ಟೋರಿಯಾ ಸ್ಟೇಡಿಯಂ. 2019-20ರ ಲೀಗ್‌ನಲ್ಲಿ ಇದ್ದದ್ದು 12 ಕ್ಲಬ್. ಮೈದಾನ ಎಷ್ಟು? ಆಗ ಇದೊಂದೇ! ಲಿಂಕ್ಸ್‌ಗೂ ಇದೇ ಹೋಮ್ ಗ್ರೌಂಡ್ ಆಗಿತ್ತು, ಎದುರಾಳಿಗೂ ಇದೇ. ನಮ್ಮ ಮೈದಾನ, ಎದುರಾಳಿಯ ಮೈದಾನ ಅನ್ನೋದೆಲ್ಲ ಬರೀ ಕಾಗದದ ಮೇಲಿತ್ತು. ಸೋತರೆ "ಅವರ ಊರಿನ ಮೈದಾನ ಸರಿಯಿರಲಿಲ್ಲ" ಅಂತ ನೆಪ ಹೇಳುವ ಭಾಗ್ಯವೂ ಇರಲಿಲ್ಲ, ಪಾಪ.

ಈಗ ಒಂದು ಲೆಕ್ಕ. ದೊಡ್ಡ ಟೂರ್ನಿಗಳ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಅಗಲ. ಒಟ್ಟು 7,140 ಚದರ ಮೀಟರ್. ಫುಟ್ಸಾಲ್ ಅಂಕಣಕ್ಕೆ 40 ಮೀಟರ್ ಉದ್ದ, 20 ಅಗಲ ಆದರೆ ಸಾಕು, ಅಂದರೆ 800. ಹತ್ತಿರ ಹತ್ತಿರ ಒಂಬತ್ತನೇ ಒಂದು ಪಾಲು. ಚಾವಣಿಯ ಕೆಳಗೂ ಆಡಬಹುದು. ಸ್ಟೇಡಿಯಂ ಪಕ್ಕದಲ್ಲೇ ಟರ್ಸೆಂಟಿನರಿ ಸ್ಪೋರ್ಟ್ಸ್ ಹಾಲ್ ಇದೆ. ಜಾಗವೇ ಇಲ್ಲದ ಊರಲ್ಲಿ ಫುಟ್ಸಾಲ್ ಹಬ್ಬದೆ ಇನ್ನೇನು?

ಟೈಮ್ ಆಗ್ತಾ ಬಂತು, ಉಳಿದದ್ದು ಒಂದೇ ಉಸಿರಲ್ಲಿ. 2013ರಲ್ಲಿ ಗಿಬ್ರಾಲ್ಟರ್‌ಗೆ ಯೂರೋಪ್‌ನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಸದಸ್ಯತ್ವ ಸಿಕ್ಕಿತು, ಅದೂ ಸ್ಪೇನ್‌ನ ವಿರೋಧದ ನಡುವೆ. ಅಲ್ಲಿಂದ ಫುಟ್‌ಬಾಲ್ ಲೀಗ್ ಗೆದ್ದವರಿಗೂ ಫುಟ್ಸಾಲ್ ಲೀಗ್ ಗೆದ್ದವರಿಗೂ ಯೂರೋಪ್ ಟೂರ್ನಿಯ ಬಾಗಿಲು ತೆರೆಯಿತು. 2016ರಲ್ಲಿ ಇಲ್ಲಿನ ಲಿಂಕನ್ ರೆಡ್ ಇಂಪ್ಸ್ ಸ್ಕಾಟ್ಲೆಂಡ್‌ನ ಸೆಲ್ಟಿಕ್ ತಂಡವನ್ನೇ 1-0 ಗೋಲಿನಿಂದ ಸೋಲಿಸಿತು. ಗೋಲು ಹೊಡೆದವರ ಕೆಲಸ ಏನು ಗೊತ್ತಾ? ಪೊಲೀಸ್! ಆದರೆ ಈ ಲಿಂಕನ್ ಇಪ್ಪತ್ತಕ್ಕೂ ಹೆಚ್ಚು ಸಲ ಲೀಗ್ ಗೆದ್ದ ದೊಡ್ಡಣ್ಣ. ಫುಟ್‌ಬಾಲ್‌ನಲ್ಲಿ ಅವರನ್ನು ದಾಟುವುದು ಸಣ್ಣ ಕ್ಲಬ್‌ಗೆ ಸುಮ್ನೆ ಮಾತಲ್ಲ. ಲಿಂಕ್ಸ್ ಯೂರೋಪ್‌ನ ದೊಡ್ಡ ಟೂರ್ನಿಗೆ ಹೋಗಿದ್ದು ಫುಟ್ಸಾಲ್ ಬಾಗಿಲಿಂದ.