ಎದೆಯಲ್ಲಿ ಗಂಟು, ದನಿ ಗೊಗ್ಗರು: ಸ್ಪೆಷಲಿಸ್ಟ್ ಹತ್ತಿರ ಯಾವಾಗ ಹೋಗಬೇಕು?

ನಮಸ್ಕಾರ. ಒಬ್ಬರು ತಮ್ಮ ಅಪ್ಪನ ಸಿಟಿ ಸ್ಕ್ಯಾನ್ ರಿಪೋರ್ಟ್ ಫೋಟೋ ಕಳಿಸಿದ್ದರು. 'ಮೀಡಿಯಾಸ್ಟೈನಲ್ ಲಿಂಫ್ ನೋಡ್, 18 ಮಿಲಿಮೀಟರ್' ಅನ್ನೋ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ. ಜೊತೆಗೆ ಒಂದೇ ಪ್ರಶ್ನೆ: "ಡಾಕ್ಟ್ರೇ, ಇದು ಕ್ಯಾನ್ಸರಾ?"

ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಅಂಥವೇ ಗಂಟುಗಳು ಎರಡು ಶ್ವಾಸಕೋಶಗಳ ನಡುವೆಯೂ ಇವೆ. ಎಲ್ಲರಿಗೂ ಇವೆ. ರಿಪೋರ್ಟಿನ 'ಮೀಡಿಯಾಸ್ಟೈನಲ್ ಲಿಂಫ್ ನೋಡ್' ಅಂದರೆ ಇವೇ. ಅವು ಊದಿಕೊಳ್ಳೋಕೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಟಿಬಿ. ಆಮೇಲೆ ಸಾರ್ಕಾಯ್ಡೋಸಿಸ್ (ಸೋಂಕಿಲ್ಲದೆಯೇ ಗಂಟು ಊದಿಸುವ ಕಾಯಿಲೆ), ಲಿಂಫೋಮಾ (ಈ ಗಂಟುಗಳದ್ದೇ ಕ್ಯಾನ್ಸರ್), ಶ್ವಾಸಕೋಶದ ಕ್ಯಾನ್ಸರ್, ಕಲ್ಲು ಕ್ವಾರಿಯ ಧೂಳು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದರೂ ಊದುತ್ತವೆ.

ಅಳೆಯೋದು ಗಂಟಿನ ಉದ್ದವನ್ನಲ್ಲ, ಅಗಲವನ್ನು. 10 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ. 15ರ ಒಳಗಿದ್ದು, ತೊಂದರೆ ಏನೂ ಇಲ್ಲ, ಸ್ಕ್ಯಾನ್‌ನಲ್ಲಿ ಬೇರೇನೂ ಕಂಡಿಲ್ಲ ಅಂದರೆ ಸಾಮಾನ್ಯವಾಗಿ ಬಿಟ್ಟುಬಿಡಬಹುದು. 15 ದಾಟಿದೆ, ಕಾರಣ ಗೊತ್ತಿಲ್ಲ ಅಂದರೆ ಪಲ್ಮನಾಲಜಿಸ್ಟ್, ಅಂದರೆ ಶ್ವಾಸಕೋಶದ ಡಾಕ್ಟರ್, ನೋಡಲೇಬೇಕು. ಮೊದಲೇ ಕ್ಯಾನ್ಸರ್ ಇದ್ದವರಿಗೆ ಈ ಲೆಕ್ಕ ಹಿಡಿಯಬೇಡಿ.

ಆದರೆ ನನಗೆ ಅಳತೆಗಿಂತ ಜಾಸ್ತಿ ಹೇಳಬೇಕು ಅನ್ನಿಸೋದು ದನಿಯ ವಿಷಯ. ಕೆಲವರಿಗೆ ಎದೆಯ ಗಂಟು ಮೊದಲು ಗೊತ್ತಾಗೋದೇ ದನಿಯಲ್ಲಿ!

ಧ್ವನಿಪೆಟ್ಟಿಗೆಯನ್ನು ಆಡಿಸುವ ಎಡಗಡೆಯ ನರ ಇದೆಯಲ್ಲ, ಅದು ತಲೆಯಿಂದ ಇಳಿದು ಬರುವಾಗ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗುತ್ತದೆ, ಆದರೆ ಅಲ್ಲಿ ನಿಲ್ಲಲ್ಲ, ನೇರ ಎದೆಗೆ ಇಳಿದು, ಹೃದಯದಿಂದ ಹೊರಡುವ ಮಹಾ ರಕ್ತನಾಳದ ಬಾಗಿನ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲಕ್ಕೆ ಹತ್ತುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರು ಧಾರವಾಡ ದಾಟಿ ಬೆಳಗಾವಿವರೆಗೆ ಹೋಗಿ ವಾಪಸ್ ಬಂದ ಹಾಗೆ. ಜಿರಾಫೆಯಲ್ಲೂ ಇದೇ ದಾರಿ. ಅಷ್ಟುದ್ದ ಕತ್ತು ಪೂರ್ತಿ ಇಳಿದು, ಪೂರ್ತಿ ಹತ್ತಬೇಕು!

ಈಗ ಆ ಬೆಳಗಾವಿ ತಿರುವಿನಲ್ಲೇ ಒಂದು ಗಂಟು ಊದಿ ನರವನ್ನು ಒತ್ತಿತು ಅಂದುಕೊಳ್ಳಿ. ಗಂಟಲಲ್ಲಿ ನೋವಿಲ್ಲ, ಶೀತ ಇಲ್ಲ, ದನಿ ಮಾತ್ರ ಗೊಗ್ಗರು. ಮನೆಯವರು ಕಷಾಯ ಕುಡಿಸುತ್ತಾರೆ, ಉಪ್ಪುನೀರು ಮುಕ್ಕಳಿಸಿ ಅನ್ನುತ್ತಾರೆ. ಮೂರು ವಾರವಾದರೂ ದನಿ ಸರಿಹೋಗಿಲ್ಲ ಅಂದರೆ, ಅದರಲ್ಲೂ ಬೀಡಿ ಸಿಗರೇಟು ಸೇದುವವರಾದರೆ, ದಯವಿಟ್ಟು ಗಂಟಲಿನ ಜೊತೆ ಎದೆಯನ್ನೂ ನೋಡಿಸಿ.

ಸಮಯ ಓಡ್ತಾ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮುಖ, ಕತ್ತು ಊದಿ ಕತ್ತಿನ ರಕ್ತನಾಳಗಳು ಉಬ್ಬಿ ನಿಂತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಉಸಿರೆಳೆದಾಗ ಗೊರ್ ಅಂತ ಸದ್ದು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಕ್ಯಾಶುವಾಲ್ಟಿಗೆ. ಕಫದಲ್ಲಿ ರಕ್ತ ಜಾಸ್ತಿ ಬಂದರೂ ಹಾಗೇ. ಸ್ವಲ್ಪವೇ ರಕ್ತ, ಸಂಜೆ ಜ್ವರ, ದಿಂಬು ನೆನೆಯುವಷ್ಟು ರಾತ್ರಿ ಬೆವರು, ಸುಮ್ಸುಮ್ನೆ ತೂಕ ಇಳಿಯೋದು, ಕಾಲರ್‌ಬೋನ್ ಮೇಲೆ ಗಟ್ಟಿ ಗಂಟು, ಇವಿದ್ದರೆ ಅದೇ ವಾರ ಸ್ಪೆಷಲಿಸ್ಟ್ ಹತ್ತಿರ ಹೋಗಿ.

ಅಲ್ಲಿ ಮಾಡೋದು ಬಹಳ ಸಲ ಈಬಸ್ ಅನ್ನೋ ಪರೀಕ್ಷೆ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ತೆಳು ಟ್ಯೂಬನ್ನು ಬಾಯಿಂದ ಇಳಿಸಿ, ಶ್ವಾಸನಾಳದ ಗೋಡೆಯ ಮೂಲಕವೇ ಸೂಜಿ ಹಾಕಿ ಸ್ಯಾಂಪಲ್ ತೆಗೆಯುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಕಿರಿಯ ಡಾಕ್ಟರ್‌ಗಳಿಗೆ ನನ್ನ ಕಳಕಳಿಯ ಮಾತು: ಪ್ರಾಣಕ್ಕೇ ಕುತ್ತು ಬಂದಿಲ್ಲದಿದ್ದರೆ, ಸ್ಯಾಂಪಲ್‌ಗೆ ಮೊದಲು ಸ್ಟೀರಾಯ್ಡ್ ಕೊಡಬೇಡಿ. ಲಿಂಫೋಮಾ ಇದ್ದರೆ ಗಂಟು ಕೆಲವು ದಿನ ಕರಗಿದ ಹಾಗೆ ಕಾಣುತ್ತದೆ, ಆಮೇಲೆ ಸೂಜಿಗೂ ಸುಳಿವು ಸಿಗಲ್ಲ. ಟಿಬಿ ಮಾತ್ರೆಯನ್ನೂ ಬರೀ ಅಂದಾಜಿನ ಮೇಲೆ ಶುರು ಮಾಡಬೇಡಿ. ಸ್ಯಾಂಪಲ್ಲನ್ನು ಟಿಬಿ ರೋಗಾಣು ಪತ್ತೆಹಚ್ಚುವ ಸಿಬಿನ್ಯಾಟ್ ಪರೀಕ್ಷೆಗೂ ಕಳಿಸಿ, ಸರ್ಕಾರಿ ಟಿಬಿ ಕೇಂದ್ರಗಳಲ್ಲಿ ಅದು ಉಚಿತ.

ಇನ್ನು ಆ 18 ಮಿಲಿಮೀಟರ್ ರಿಪೋರ್ಟ್. ಆ ಸಾಲಿನಲ್ಲಿ ಕ್ಯಾನ್ಸರ್ ಅಂತ ಎಲ್ಲೂ ಇಲ್ಲ. ಆದರೂ ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿ. ರಿಪೋರ್ಟ್ ಹಾಳೆ ಒಂದೇ ಸಾಲದು, ಸ್ಕ್ಯಾನ್ ಸಿಡಿಯೂ ಬೇಕು. ಬೀರುವಿನಲ್ಲಿ ಐದು ವರ್ಷ ಹಳೇ ಸ್ಕ್ಯಾನ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಆ ಗಂಟು ಆಗಲೂ ಅಷ್ಟೇ ಇತ್ತು ಅಂತ ಕಂಡರೆ ಬಹುಶಃ ಸೂಜಿಯೇ ಬೇಕಾಗಲಿಕ್ಕಿಲ್ಲ.