ಅಪಾಯಕಾರಿ ವೈರಸ್ ಸಂಶೋಧನೆ: ಅಮೆರಿಕ ಸರ್ಕಾರದ ಕೈ ಎಲ್ಲಿಯವರೆಗೆ?

[ಪರದೆ ಮೇಲೆ: 2011, ರಾಟರ್‌ಡ್ಯಾಮ್ ಮತ್ತು ಮ್ಯಾಡಿಸನ್]

ಎಚ್5ಎನ್1, ಅಂದರೆ ಹಕ್ಕಿಜ್ವರದ ವೈರಸ್. ಮನುಷ್ಯರಿಗೆ ಬರುವುದು ಅಪರೂಪ. ಆದರೆ 2011ರ ಹೊತ್ತಿಗೆ ದೃಢಪಟ್ಟಿದ್ದ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸತ್ತಿದ್ದರು. ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುವುದಿಲ್ಲ ಅನ್ನುವುದೊಂದೇ ಸಮಾಧಾನ.

ಅದೇ ವರ್ಷ ಎರಡು ಲ್ಯಾಬ್‌ಗಳು ಆ ಸಮಾಧಾನಕ್ಕೇ ಕೈ ಹಾಕಿದವು. ನೆದರ್ಲೆಂಡ್ಸ್‌ನಲ್ಲಿ ರಾನ್ ಫೂಷಿಯೇ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಯೋಶಿಹಿರೋ ಕವಾಒಕ. ಇಬ್ಬರ ತಂಡಗಳೂ ವೈರಸ್ಸನ್ನು ಬದಲಾಯಿಸಿ, ಫೆರೆಟ್ ಎಂಬ ಪ್ರಾಣಿಗಳ ನಡುವೆ ಗಾಳಿಯಲ್ಲಿ ಹರಡುವಂತೆ ಮಾಡಿದವು. ಹಾಗೆ ಗಾಳಿಯಿಂದ ಸೋಂಕು ತಗುಲಿದ ಫೆರೆಟ್‌ಗಳು ಸಾಯಲಿಲ್ಲ. ಪ್ರಯೋಗದ ಸುದ್ದಿ ಎಬ್ಬಿಸಿದ ಗದ್ದಲದ ನಡುವೆ ಆ ಮಾತು ಹೆಚ್ಚು ಜನರಿಗೆ ಕೇಳಿಸಲಿಲ್ಲ, ಬಿಡಿ.

ಈ ಎರಡೂ ಕೆಲಸಕ್ಕೆ ದುಡ್ಡು ಕೊಟ್ಟಿದ್ದು ಯಾರು? ಅಮೆರಿಕ ಸರ್ಕಾರದ ಎನ್‌ಐಎಚ್, ಅಂದರೆ ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಡುವ ಸಂಸ್ಥೆ. ಡಿಸೆಂಬರ್‌ನಲ್ಲಿ ಸರ್ಕಾರದ್ದೇ ಸಲಹಾ ಮಂಡಳಿ, ಎನ್‌ಎಸ್‌ಎಬಿಬಿ, 'ಮಾಡಿದ ವಿಧಾನದ ವಿವರ ಪ್ರಕಟಿಸಬೇಡಿ' ಅಂದಿತು. ಮುಂದಿನ ಮಾರ್ಚ್‌ನಲ್ಲಿ, ತಿದ್ದಿದ ಪ್ರಬಂಧಗಳನ್ನು ನೋಡಿ, ಪ್ರಕಟಿಸಬಹುದು ಅಂದಿತು. ಅಷ್ಟು ಹೊತ್ತಿಗೆ ಪ್ರಯೋಗ ಮುಗಿದೇ ಹೋಗಿತ್ತು. ಮುಗಿದ ಪ್ರಯೋಗಕ್ಕೆ ಬೀಗ ಹಾಕಿ ಏನು ಪ್ರಯೋಜನ, ಅಲ್ವಾ?

[ಪರದೆ ಮೇಲೆ: 2012 – 2017]

ಹಾಗಾಗಿ 2012ರಲ್ಲಿ ಹೊಸ ನೀತಿ ಬಂತು. 15 ರೋಗಾಣು ಮತ್ತು ವಿಷಗಳು, 7 ಬಗೆಯ ಪ್ರಯೋಗಗಳು: ಇವು ಸೇರಿದ ಕಡೆ ಮೊದಲೇ ಅಪಾಯ ಲೆಕ್ಕ ಹಾಕಬೇಕು. 2014ರಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಒಂದು ಲ್ಯಾಬ್, ಪೂರ್ತಿ ಸತ್ತಿರದ ಆಂಥ್ರಾಕ್ಸ್ ಬ್ಯಾಕ್ಟೀರಿಯಾವನ್ನು ಸತ್ತಿದೆ ಎಂದುಕೊಂಡು ಬೇರೆ ಲ್ಯಾಬ್‌ಗಳಿಗೆ ಕೊಟ್ಟಿತು. ಎನ್‌ಐಎಚ್ ಆವರಣದಲ್ಲಿ ಎಲ್ಲರೂ ಮರೆತಿದ್ದ ಸಿಡುಬಿನ ವೈರಸ್ ಸೀಸೆಗಳು ಸಿಕ್ಕವು. ಈ ಎಡವಟ್ಟುಗಳ ಬೆನ್ನಲ್ಲೇ, ಅಕ್ಟೋಬರ್‌ನಲ್ಲಿ ಫ್ಲೂ, ಸಾರ್ಸ್, ಮರ್ಸ್ ವೈರಸ್‌ಗಳ ಬಲ ಹೆಚ್ಚಿಸಬಹುದಾದ ಪ್ರಯೋಗಗಳಿಗೆ ಹೊಸ ಅನುದಾನ ನಿಂತಿತು. 2017ರ ಡಿಸೆಂಬರ್‌ನಲ್ಲಿ ಪಿ3ಸಿಒ ಎಂಬ ಪರಿಶೀಲನಾ ವ್ಯವಸ್ಥೆ ತಂದು ಆ ತಡೆ ತೆಗೆದರು.

ಈ ಎಲ್ಲದರ ಹಿಡಿತ ಇರುವುದು ಒಂದೇ ಕಡೆ: ಸರ್ಕಾರದ ದುಡ್ಡಿನಲ್ಲಿ. ನನಗೆ ದೊಡ್ಡ ತೂತು ಕಾಣುವುದೂ ಇಲ್ಲೇ.

[ಪರದೆ ಮೇಲೆ: 2018, ಹಾರ್ಸ್‌ಪಾಕ್ಸ್]

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಡೇವಿಡ್ ಇವಾನ್ಸ್ ತಂಡ ಡಿಎನ್‌ಎ ತುಂಡುಗಳನ್ನು ಆರ್ಡರ್ ಮಾಡಿ ತರಿಸಿಕೊಂಡು, ಹಾರ್ಸ್‌ಪಾಕ್ಸ್ ವೈರಸ್ಸನ್ನೇ ಕಟ್ಟಿ ನಿಲ್ಲಿಸಿತು. ಇದು ಸಿಡುಬಿನ ವೈರಸ್‌ನ ಸಂಬಂಧಿ. ಉದ್ದೇಶ ಲಸಿಕೆ. ಹಣ ಕೊಟ್ಟಿದ್ದು ಟಾನಿಕ್ಸ್ ಎಂಬ ಅಮೆರಿಕದ ಔಷಧ ಕಂಪನಿ. ಅನುದಾನವೇ ಕೊಡದ ಸರ್ಕಾರ ಯಾವುದನ್ನು ತಡೆಹಿಡಿಯಬೇಕು?

ಖಾಸಗಿಯವರಿಗೆ ಏನೂ ಕಾನೂನಿಲ್ಲ ಅಂತಲ್ಲ. ಸೆಲೆಕ್ಟ್ ಏಜೆಂಟ್ ಪಟ್ಟಿಯಲ್ಲಿರುವ, ಅಂದರೆ ಸರ್ಕಾರ ತೀರಾ ಅಪಾಯಕಾರಿ ಎಂದು ಗುರುತಿಸಿರುವ ರೋಗಾಣುಗಳನ್ನು ಅಮೆರಿಕದಲ್ಲಿ ಯಾರೇ ಇಟ್ಟುಕೊಂಡರೂ ನೋಂದಣಿ ಕಡ್ಡಾಯ. ಆದರೆ ಪಟ್ಟಿಯಲ್ಲಿಲ್ಲದ ವೈರಸ್ಸಿಗೆ ಈ ಕಾನೂನು ತಟ್ಟುವುದಿಲ್ಲ.

2024ರ ಮೇನಲ್ಲಿ ಹಳೆಯದನ್ನೆಲ್ಲ ಸೇರಿಸಿ ಹೊಸ ನೀತಿ ಪ್ರಕಟವಾಯಿತು. ಜಾರಿಯಾಗಬೇಕಿದ್ದದ್ದು 2025ರ ಮೇ 6ಕ್ಕೆ. ಹಿಂದಿನ ದಿನವೇ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿ, ಅದನ್ನು ಬದಲಾಯಿಸಿ ಅಂದರು. ನಿಯಮ ಮುರಿದವರಿಗೆ 5 ವರ್ಷದವರೆಗೆ ಅನುದಾನ ತಪ್ಪಬಹುದು ಅಂತ ಆ ಆದೇಶದಲ್ಲಿದೆ. ಶಿಕ್ಷೆಯೂ ಮತ್ತೆ ದುಡ್ಡಿನ ಮೇಲೇ, ನೋಡಿ. ಸರ್ಕಾರದ ದುಡ್ಡಿಲ್ಲದೆ ನಡೆಯುವ ಸಂಶೋಧನೆಗೂ ಒಂದು ಯೋಜನೆ ತಯಾರಿಸಿ ಎಂಬ ಸೂಚನೆ ಅದರಲ್ಲಿದೆ. ಅಧಿಕಾರ ಸಾಲದಿದ್ದರೆ ಹೊಸ ಕಾಯ್ದೆಯ ಪ್ರಸ್ತಾವ ತನ್ನಿ ಎಂದೂ ಇದೆ. ಆ ಕಾಯ್ದೆ ಮಾಡಬೇಕಾದದ್ದು ಮಾತ್ರ ಅಧ್ಯಕ್ಷರಲ್ಲ, ಅಮೆರಿಕದ ಕಾಂಗ್ರೆಸ್.