1927ರ ಯಾಂಕೀಸ್ ಎದುರು 1975ರ ರೆಡ್ಸ್: ಮೇಜಿನ ಮೇಲೊಂದು ಸರಣಿ

ನಮಸ್ಕಾರ. ಮೇಜಿನ ಮೇಲೆ ಎಡಗಡೆ ಜೋಡಿಸಿರುವ ಕಾರ್ಡ್‌ಗಳು 1927ರ ನ್ಯೂಯಾರ್ಕ್ ಯಾಂಕೀಸ್ ತಂಡದವು. ಬಲಗಡೆ ಇರುವವು 1975ರ ಸಿನ್ಸಿನಾಟಿ ರೆಡ್ಸ್ ತಂಡದವು. ಮಧ್ಯೆ ಮೂರು ದಾಳ. ಬೇಸ್‌ಬಾಲ್‌ನಲ್ಲಿ ಇದುವರೆಗಿನ ಅತ್ಯುತ್ತಮ ತಂಡ ಯಾವುದು ಅಂತ ಮಾತು ಎದ್ದಾಗಲೆಲ್ಲ ಈ ಎರಡು ಹೆಸರು ಬಂದೇ ಬರುತ್ತವೆ. ನಡುವೆ 48 ವರ್ಷದ ಅಂತರ. ಮೈದಾನದಲ್ಲಿ ಎದುರಾಗುವ ಮಾತೇ ಇಲ್ಲ. ಅದಕ್ಕೇ ಏಳು ಪಂದ್ಯಗಳ ಸರಣಿಯನ್ನು ಇಲ್ಲೇ ಆಡಿಸಿದೆ. ಮೊದಲು ನಾಲ್ಕು ಗೆದ್ದವರಿಗೆ ಸರಣಿ.

ಆಟದ ಹೆಸರು ಸ್ಟ್ರಾಟ್-ಒ-ಮ್ಯಾಟಿಕ್. ಹ್ಯಾಲ್ ರಿಚ್‌ಮನ್ ಅನ್ನುವವರು 1961ರಲ್ಲಿ ಮಾರಾಟಕ್ಕೆ ತಂದರು. ಪ್ರತಿ ಆಟಗಾರನಿಗೂ ಒಂದು ಕಾರ್ಡ್, ಆ ವರ್ಷದ ಅವನ ಆಟದ ಲೆಕ್ಕದಿಂದ ಮಾಡಿದ್ದು. ಆಡುವ ರೀತಿ ಸುಲಭ. ಬೇರೆ ಬಣ್ಣದ ಒಂದು ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡ್ ನೋಡಬೇಕು. 4, 5, 6 ಬಿದ್ದರೆ ಪಿಚರ್‌ನ, ಅಂದರೆ ಚೆಂಡು ಎಸೆಯುವವನ ಕಾರ್ಡ್. ಉಳಿದ ಎರಡು ದಾಳಗಳ ಮೊತ್ತ ಯಾವ ಸಾಲು ಓದಬೇಕು ಅಂತ ಹೇಳುತ್ತದೆ. 7 ಬೀಳುವ ಸಾಧ್ಯತೆ 36ರಲ್ಲಿ 6, 12 ಬೀಳುವುದು 36ರಲ್ಲಿ ಒಂದೇ. ಹಾಗಾಗಿ ಯಾರ ಕಾರ್ಡ್‌ನಲ್ಲಿ 7ರ ಎದುರು ಏನು ಬರೆದಿದೆ ಅನ್ನುವುದರ ಮೇಲೇ ಬಹಳಷ್ಟು ನಿಂತಿದೆ.

ಈಗ ಬೇಬ್ ರೂತ್ ಕಾರ್ಡ್ ಹತ್ತಿರದಿಂದ ನೋಡಿ. ಆ ವರ್ಷ ಅವರು ಹೊಡೆದದ್ದು 60 ಹೋಮ್ ರನ್, ಅಂದರೆ ಸಾಮಾನ್ಯವಾಗಿ ಚೆಂಡನ್ನು ಬೇಲಿ ದಾಟಿಸುವ ಹೊಡೆತ. ಅವರ ತಂಡ ಆಡುತ್ತಿದ್ದ ಅಮೆರಿಕನ್ ಲೀಗ್‌ನಲ್ಲಿ ಯಾಂಕೀಸ್ ಬಿಟ್ಟರೆ ಬೇರೆ ಯಾವ ತಂಡವೂ, ಇಡೀ ತಂಡ ಸೇರಿ, ಅಷ್ಟು ಹೊಡೆದಿರಲಿಲ್ಲ. ಎರಡನೇ ಸ್ಥಾನದಲ್ಲಿದ್ದ ಅಥ್ಲೆಟಿಕ್ಸ್ ತಂಡದ ಒಟ್ಟು ಲೆಕ್ಕ 56. ರೂತ್ ಹಿಂದೆಯೇ ಬ್ಯಾಟ್ ಹಿಡಿದು ಬರುತ್ತಿದ್ದ ಲೂ ಗೆರಿಗ್ 47 ಹೊಡೆದರು. ತಂಡ 110 ಪಂದ್ಯ ಗೆದ್ದಿತು, ವರ್ಷದ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿತು.

ರೆಡ್ಸ್ ಬೇರೆಯದೇ ಜಾತಿಯ ತಂಡ. ಅವರ ಗೆಲುವು 108. ಜೋ ಮಾರ್ಗನ್ ಆ ವರ್ಷ 132 ಸಲ ವಾಕ್ ಪಡೆದು (ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ ಸಿಗುವ ಪುಕ್ಕಟೆ ಬೇಸ್) ಬೇಸ್ ಸೇರಿದರು, 67 ಬೇಸ್ ಕದ್ದರು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದು), ಸಿಕ್ಕಿಬಿದ್ದದ್ದು 10 ಸಲ ಮಾತ್ರ. ಜಾನಿ ಬೆಂಚ್, ಪೀಟ್ ರೋಸ್, ಟೋನಿ ಪೆರೆಜ್, ಜಾರ್ಜ್ ಫಾಸ್ಟರ್, ಕೆನ್ ಗ್ರಿಫಿ ಎಲ್ಲರೂ ಒಂದೇ ಸಾಲಿನಲ್ಲಿ. ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಮ್ಯಾನೇಜರ್ ಸ್ಪಾರ್ಕಿ ಆಂಡರ್ಸನ್ ಪಿಚರ್‌ಗಳನ್ನು ಬಳಸಿದ ರೀತಿ. 1927ರ ಯಾಂಕೀಸ್‌ನಲ್ಲಿ ಆರಂಭಿಸಿದ ಪಿಚರೇ ಪಂದ್ಯ ಮುಗಿಸಿದ್ದು 82 ಸಲ. 1975ರ ರೆಡ್ಸ್‌ನಲ್ಲಿ 22 ಸಲ. ಪಿಚರ್ ಸ್ವಲ್ಪ ಸೋತಂತೆ ಕಂಡರೆ ಸಾಕು, ಸ್ಪಾರ್ಕಿ ಹೊಸಬನನ್ನು ಕಳಿಸುತ್ತಿದ್ದರು. ಇಡೀ ಸರಣಿ ತಿರುಗಿದ್ದು ಇದೇ ಒಂದು ವಿಷಯದಲ್ಲಿ.

ಮೊದಲ ಎರಡು ಪಂದ್ಯ ನ್ಯೂಯಾರ್ಕ್‌ನಲ್ಲಿ. ಹಳೇ ಯಾಂಕೀ ಸ್ಟೇಡಿಯಂನಲ್ಲಿ ಬಲಗಡೆ ಮೂಲೆಯ ಬೇಲಿ 300 ಅಡಿಗಿಂತಲೂ ಹತ್ತಿರ. ಎಡಗೈ ಬ್ಯಾಟರ್‌ಗಳ ಜೋರು ಹೊಡೆತ ಹೆಚ್ಚಾಗಿ ಬಲಗಡೆಗೇ ಹೋಗುತ್ತದೆ, ಹಾಗಾಗಿ ರೂತ್, ಗೆರಿಗ್ ಇಬ್ಬರಿಗೂ ಅದು ಅನುಕೂಲ. ಎಡಗಡೆಗೂ ನಡುವಿಗೂ ಮಧ್ಯೆ ಬೇಲಿ ಬಹಳ ದೂರ. ಬೆಂಚ್, ಪೆರೆಜ್, ಫಾಸ್ಟರ್ ಬಲಗೈಯವರು. ಅವರು ಎತ್ತಿ ಹೊಡೆದದ್ದೆಲ್ಲ ಅಲ್ಲೇ ಕ್ಯಾಚ್ ಆಯಿತು. ಎರಡೂ ಪಂದ್ಯ ಯಾಂಕೀಸ್ ಪಾಲು.

ಸಿನ್ಸಿನಾಟಿಗೆ ಹೋದ ಮೇಲೆ ಆಟವೇ ಬದಲಾಯಿತು. ರಿವರ್‌ಫ್ರಂಟ್ ಸ್ಟೇಡಿಯಂನಲ್ಲಿ ಪ್ಲಾಸ್ಟಿಕ್ ಹುಲ್ಲು. ಚೆಂಡು ನೆಲಕ್ಕೆ ಬಿದ್ದರೆ ಸರ್ ಅಂತ ಓಡುತ್ತದೆ. ಪಂದ್ಯವೂ ರಾತ್ರಿ ದೀಪದಲ್ಲಿ. ರೂತ್ ತಂಡದವರು 1927ರಲ್ಲಿ ಲೀಗ್‌ನ ಒಂದೂ ಪಂದ್ಯವನ್ನು ರಾತ್ರಿ ಆಡಿದವರಲ್ಲ. ಅಮೆರಿಕದ ಅತಿ ಮೇಲಿನ ಹಂತದ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಮೊದಲ ರಾತ್ರಿ ಪಂದ್ಯ ನಡೆದದ್ದೇ 1935ರಲ್ಲಿ, ಅದೂ ಇದೇ ಸಿನ್ಸಿನಾಟಿಯಲ್ಲಿ. ದಾಳಕ್ಕೆ ಹಗಲು ರಾತ್ರಿ ಗೊತ್ತಿಲ್ಲ, ಆದರೆ ನನಗೆ ಅದು ಮನಸ್ಸಿನಿಂದ ಹೋಗಲಿಲ್ಲ. ಅಲ್ಲಿ ಮೂರೂ ಪಂದ್ಯ ರೆಡ್ಸ್ ಗೆದ್ದರು. ಮಾರ್ಗನ್ ವಾಕ್ ಪಡೆಯುವುದು, ಎರಡನೇ ಬೇಸ್ ಕದಿಯುವುದು, ಹಿಂದೆ ಬಂದವರು ಒಂದು ಸಿಂಗಲ್ (ಒಂದು ಬೇಸ್‌ನ ಹೊಡೆತ) ಹೊಡೆದು ಅವರನ್ನು ಹೋಮ್ ಬೇಸ್‌ಗೆ ತಂದು ರನ್ ಗಳಿಸುವುದು. ಇದೇ ಮತ್ತೆ ಮತ್ತೆ.

ಆರನೇ ಪಂದ್ಯ, ಮತ್ತೆ ನ್ಯೂಯಾರ್ಕ್. ಎಂಟನೇ ಇನ್ನಿಂಗ್ಸ್, ರೆಡ್ಸ್ ಒಂದೇ ರನ್ ಮುಂದೆ. ಎರಡು ಔಟ್ (ಮೂರಾದರೆ ಸರದಿ ಮುಗಿಯುತ್ತದೆ), ಎರಡು ಬೇಸ್‌ನಲ್ಲಿ ಓಟಗಾರರು, ಬ್ಯಾಟ್ ಹಿಡಿದಿರುವವರು ರೂತ್. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಸಾಮಾನ್ಯವಾಗಿ ಹೆಚ್ಚು ಕಷ್ಟ, ಅದಕ್ಕೇ ಬಲಗೈ ಪಿಚರ್‌ನನ್ನು ತೆಗೆದು ಎಡಗೈಯ ವಿಲ್ ಮ್ಯಾಕೆನೇನಿಯನ್ನು ತಂದೆ. ಸ್ಪಾರ್ಕಿ ಇದ್ದಿದ್ದರೆ ಅದನ್ನೇ ಮಾಡುತ್ತಿದ್ದರು. ಇಲ್ಲಿ ನಿಧಾನವಾಗಿ ನೋಡಿ. ಬಣ್ಣದ ದಾಳ 5. ಅಂದರೆ ಪಿಚರ್‌ನ ಕಾರ್ಡ್. ಉಳಿದವು 3, 4. ಮೊತ್ತ 7. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ರೂತ್ ಔಟ್. ಆ ಬಣ್ಣದ ದಾಳ 3ರೊಳಗೆ ಬಿದ್ದಿದ್ದರೆ ರೂತ್ ಕಾರ್ಡ್ ಓದಬೇಕಿತ್ತು, ಕಥೆ ಬೇರೆಯೇ ಆಗಬಹುದಿತ್ತು. ಒಂಬತ್ತನೇ ಇನ್ನಿಂಗ್ಸ್ ಏನೂ ಇಲ್ಲದೆ ಮುಗಿಯಿತು. ಸರಣಿ ರೆಡ್ಸ್‌ಗೆ, 4-2.

ಹಾಗಾದರೆ ರೆಡ್ಸ್ ದೊಡ್ಡ ತಂಡ ಅಂತಾಯಿತಾ? ನನ್ನ ಪ್ರಕಾರ ಈ ಆಟ ಅದನ್ನು ಹೇಳುವುದೇ ಇಲ್ಲ. ಒಬ್ಬ ಆಟಗಾರ ತನ್ನ ಕಾಲದ ಉಳಿದವರಿಗಿಂತ ಎಷ್ಟು ಮುಂದಿದ್ದ, ಕಾರ್ಡ್ ಹೇಳುವುದು ಇಷ್ಟೇ. ಆ ಉಳಿದವರು ಯಾರು ಅನ್ನುವುದು ಕಾರ್ಡ್‌ನಲ್ಲಿ ಇರುವುದಿಲ್ಲ. 1927ರಲ್ಲಿ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನಿಗೂ ಜಾಗ ಇರಲಿಲ್ಲ. ಜ್ಯಾಕಿ ರಾಬಿನ್ಸನ್ ಆ ಬಾಗಿಲು ತೆರೆದದ್ದು 1947ರಲ್ಲಿ. ಮಾರ್ಗನ್, ಫಾಸ್ಟರ್, ಗ್ರಿಫಿ ಇವರ್ಯಾರೂ 1927ರಲ್ಲಿ ಯಾಂಕೀಸ್ ಎದುರು ಲೀಗ್‌ನಲ್ಲಿ ಆಡುವ ಹಾಗೇ ಇರಲಿಲ್ಲ. ಮಾರ್ಗನ್ ಎರಡನೇ ಬೇಸ್ ಕದ್ದಾಗಲೆಲ್ಲ ನನಗೆ ಇದೇ ನೆನಪಾಗುತ್ತಿತ್ತು. ರೂತ್ ಎಷ್ಟು ದೊಡ್ಡ ಆಟಗಾರ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ 60ರ ಲೆಕ್ಕದಲ್ಲಿ ಅವರು ಎದುರಿಸದೇ ಇದ್ದ ಪಿಚರ್‌ಗಳೂ ಇದ್ದಾರೆ ಅಲ್ವಾ?

ಅವರಲ್ಲಿ ಒಬ್ಬರು ಬಿಲ್ ಫಾಸ್ಟರ್. ಎಡಗೈ ಪಿಚರ್, ಶಿಕಾಗೊ ಅಮೆರಿಕನ್ ಜೈಂಟ್ಸ್ ತಂಡ. ಕಪ್ಪು ಆಟಗಾರರ ಪ್ರತ್ಯೇಕ ಲೀಗ್ ಆದ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದ ರೂಬ್ ಫಾಸ್ಟರ್ ಅವರ ಮಲತಮ್ಮ. ಆ ತಂಡ 1926ರಲ್ಲೂ 1927ರಲ್ಲೂ ನೀಗ್ರೊ ಲೀಗ್‌ಗಳ ವರ್ಲ್ಡ್ ಸೀರೀಸ್ ಗೆದ್ದಿತು. ಹಳೇ ಪತ್ರಿಕೆಗಳ ಸ್ಕೋರ್ ಪಟ್ಟಿ ಹುಡುಕಿ ಹುಡುಕಿ ಸಂಶೋಧಕರು ಆ ಪಂದ್ಯಗಳ ಲೆಕ್ಕ ಕೂಡಿಸಿದ್ದಾರೆ. 2024ರಲ್ಲಿ ಮೇಜರ್ ಲೀಗ್ ಅದನ್ನು ತನ್ನ ಅಧಿಕೃತ ದಾಖಲೆಗೂ ಸೇರಿಸಿತು. ಆ ಲೆಕ್ಕ ಇಟ್ಟುಕೊಂಡು ಜೈಂಟ್ಸ್ ತಂಡದ ಕಾರ್ಡ್‌ಗಳನ್ನು ನಾನೇ ತಯಾರಿಸುತ್ತಿದ್ದೇನೆ. ಮುಂದಿನ ಸರಣಿ ಅವರದ್ದೇ, ಇದೇ ಯಾಂಕೀಸ್ ಎದುರು. ಮೊದಲ ಪಂದ್ಯ ಶಿಕಾಗೊದಲ್ಲಿ, ಪಿಚರ್ ಬಿಲ್ ಫಾಸ್ಟರ್.